ಚನ್ನ ಉಣ್ಣದೆ ಬಸವಣ್ಣೆವ್ವ ಉಣ್ಣಳು

ನಮ್ಮೂರು ಸಂಶಿಯ ಟೂರಿಂಗ್ ಟಾಕೀಜಿನ ಡೇರೆಯಲ್ಲಿ ಇಂಟರ್ವಲ್ಲಿಗೆ ಬಿಸಿ ಮಿರ್ಚಿ ಭಜಿ ಸಿಗುತ್ತಿತ್ತು. ಆದರೂ ‘ಚಕ್ಕಡಿ ಚನ್ನ’ನ ಸಿನಿಮಾ ಬಂದಾಗ ಊರವರು ಮನೆಯಿಂದಲೇ ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದರು. ಚನ್ನ ಎತ್ತಿನ ಚಕ್ಕಡಿ ಹೊಡೆಯುವವ. ದಾರಿಯಲ್ಲಿ ದುಷ್ಟರು ಸಿಕ್ಕರೆ ಅವರನ್ನೂ ಹೊಡೆಯುವವ. ಬಂದಿದ್ದ ಮೂರೂ ಸಿನಿಮಾಗಳಲ್ಲಿ ಕಡೆಯ ದೃಶ್ಯ ಒಂದೇ. ಅವನು ಮನೆಗೆ ಬಂದು ಕೈಕಾಲು ತೊಳೆದು ಕೂರುತ್ತಾನೆ, ಅವ್ವ ರೊಟ್ಟಿ ನೀಡುತ್ತಾಳೆ. ಅವನು ರೊಟ್ಟಿ ಮುರಿದ ಕೂಡಲೇ ಡೇರೆಯ ತುಂಬ ಬುತ್ತಿಗಂಟುಗಳು ಬಿಚ್ಚಿಕೊಳ್ಳುತ್ತಿದ್ದವು. ಅವನಿಗಿಂತ ಮೊದಲು ಯಾರೂ ಮುಟ್ಟುವಂತಿಲ್ಲ. ನಾನು ಓದಿದ ಕಾನ್ವೆಂಟಿನ ಸಿಸ್ಟರುಗಳು ಊಟಕ್ಕೆ ಮುಂಚೆ ಪ್ರಾರ್ಥನೆ ಹೇಳಿಸುವಾಗ ಒಂದು ಕಣ್ಣು ತೆರೆದು ಅನ್ನ ನೋಡುತ್ತಿದ್ದೆ. ಊಟದ ಮುಂದೆ ನಿಜವಾದ ಭಕ್ತಿಯನ್ನು ಕಂಡದ್ದು ಈ ಡೇರೆಯಲ್ಲೇ.

ಆ ಡೇರೆಗೆ ತಪ್ಪದೆ ಬರುತ್ತಿದ್ದವಳು ಬಸವಣ್ಣೆವ್ವ. ಗಂಡನಿಲ್ಲ, ಮಗ ಗಂಗಪ್ಪ ಒಬ್ಬನೇ. ಅವಳು ಹತ್ತಿ ಬಿಡಿಸುವ ಕೂಲಿಗೆ, ಅವನು ಗಿರಣಿಯ ಹಮಾಲಿಗೆ. ಒಬ್ಬರು ಮನೆಗೆ ಬಂದಾಗ ಇನ್ನೊಬ್ಬರು ಇರುತ್ತಿರಲಿಲ್ಲ. ಚನ್ನನ ಸಿನಿಮಾ ಬಂದಾಗ ಮಾತ್ರ ಮರಳಿನ ಮೇಲೆ ಅರಿವೆ ಹಾಸಿ ಇಬ್ಬರೂ ಕೂಡಿ ಉಣ್ಣುತ್ತಿದ್ದರು.

“ನೋಡಬೇ, ಅವರವ್ವ ತುಪ್ಪ ಹಾಕ್ತಾಳ. ನಿಂದು ಬರೇ ಶೇಂಗಾ ಚಟ್ನಿ,” ಎನ್ನುತ್ತಿದ್ದ ಗಂಗಪ್ಪ.

“ಆಕಿ ಸಿನಿಮಾದಾಕಿ. ಆಕಿ ಎಮ್ಮಿನೂ ಸಿನಿಮಾದ್ದ. ಸುಮ್ನ ಉಣ್ಣಲೇ.”

ಎಂಬತ್ತೈದರ ಮಳೆಗಾಲದಲ್ಲಿ ಗಂಗಪ್ಪ ಕಾಮಣಿಯಾಗಿ ತೀರಿಹೋದ. ಕಣ್ಣಿನ ಹಳದಿ ಇಳಿಯಲೇ ಇಲ್ಲ. ಮರುವರ್ಷ ಮೂರನೆಯ ಸಿನಿಮಾ ಮತ್ತೊಮ್ಮೆ ಬಂದಾಗ ಬಸವಣ್ಣೆವ್ವ ಒಬ್ಬಳೇ ಬಂದಳು, ಬುತ್ತಿ ಮಾತ್ರ ಇಬ್ಬರದು. ಚನ್ನ ರೊಟ್ಟಿ ಮುರಿದಾಗ ಅವಳೂ ಮುರಿದು, ಒಂದು ತುಂಡನ್ನು ಪಕ್ಕದಲ್ಲಿ ಗಂಗಪ್ಪನ ಜಾಗಕ್ಕೆ ಹಾಸಿದ್ದ ಅರಿವೆಯ ಮೇಲಿಟ್ಟಳು. ನಾನು ನೋಡಿದ್ದನ್ನು ನೋಡಿ ತಾನೇ ಹೇಳಿದಳು: “ಮನ್ಯಾಗ ಇಟ್ರ ಅದು ಎಡಿ ಆಕ್ಕೈತ್ರಿ, ಸತ್ತವ್ರಿಗೆ ಇಟ್ಟಂಗ. ಇಲ್ಲಿ ಇಟ್ರ ಕೂಡಿ ಉಂಡಂಗ.”

ಎಂಬತ್ತೇಳರಲ್ಲಿ ಪೇಪರಿನಲ್ಲಿ ಸುದ್ದಿ ಬಂತು. ಚನ್ನನ ಹೆಸರು, ಕಥೆ, ಹಳೆಯ ಸಿನಿಮಾಗಳು, ಎಲ್ಲವನ್ನೂ ಮುಂಬಯಿಯ ದೊಡ್ಡ ಕಂಪನಿಯೊಂದು ಕೊಂಡುಕೊಂಡಿದೆ. ನಮ್ಮ ಊರಿಗೆ ಕಂಪನಿ ಎಂದರೆ ನಾಟಕ ಕಂಪನಿ. ಅದು ದೊಡ್ಡದಾದಷ್ಟೂ ಪರದೆ ದೊಡ್ಡದು, ದರ್ಬಾರು ದೊಡ್ಡದು. ಕಿರಾಣಿ ಅಂಗಡಿಯ ಮಡಿವಾಳೆಪ್ಪ ಅಭಿಮಾನಿ ಸಂಘದ ಅಧ್ಯಕ್ಷ, ಹಿಗ್ಗಿಹೋದ. “ಇನ್ನ ನಮ್ಮ ಚನ್ನನ ಮನ್ಯಾಗ ಏನ್ ಕಡಿಮಿ? ಈ ಸಲ ಅವ್ವ ಹೋಳಗಿನ ನೀಡ್ತಾಳ ನೋಡ್ರಿ!” ಅಧ್ಯಕ್ಷರ ಮಾತನ್ನು ಊರು ಠರಾವಿನಂತೆ ಒಪ್ಪಿಕೊಂಡಿತು.

ನಾಲ್ಕನೆಯ ಸಿನಿಮಾ ಬಂದ ದಿನ ಓಣಿಯೆಲ್ಲ ಹೂರಣದ ವಾಸನೆ. ಗಂಗಪ್ಪ ಹೋದ ಮೇಲೆ ಬಸವಣ್ಣೆವ್ವ ಹೋಳಿಗೆ ಮಾಡಿದ್ದು ಅವತ್ತೇ. ಡೇರೆಯ ಬಾಗಿಲಲ್ಲಿ, ಮಷೀನು ನಡೆಸುವ ಕಾಸೀಮಸಾಬನನ್ನು ಕೇಳಿದಳು: “ಇದಾದ ಮ್ಯಾಲೆ ಹಳೇವು ಒಂದ್ಸಲ ಹಚ್ಚಪಾ.”

“ಹಳೇವು ಇನ್ನ ಬರೂದಿಲ್ಲಬೇ. ಕಂಪನಿಯವ್ರು ರೀಲಿನ ಡಬ್ಬಿ ಸಮೇತ ತರಿಸ್ಕೊಂಡಾರ. ಹೊಸಾದು ಇರೂಮುಂದ ಹಳೇದ್ಯಾಕ ಅಂತಾರ.”

“ಆತಪಾ, ಹೊಸಾದರಾಗೂ ಉಣ್ತಾನಲ್ಲ,” ಎಂದು ಒಳಗೆ ಹೋಗಿ ಕೂತಳು.

ಸಿನಿಮಾ ಶುರುವಾದ ಸ್ವಲ್ಪ ಹೊತ್ತಿಗೇ ಖಳನಾಯಕ ಚನ್ನನ ಮನೆಗೆ ಬಾಂಬು ಇಟ್ಟ. ಅವ್ವ ಹೋದಳು, ಒಲೆಯೂ ಹೋಯಿತು. “ಕಡೀಕ ಎದ್ದ ಬರ್ತಾಳ ತಗೋರಿ,” ಎಂದು ಮಡಿವಾಳೆಪ್ಪ ಎಲ್ಲರಿಗೂ ಧೈರ್ಯ ಹೇಳಿದ. ಬರಲಿಲ್ಲ. ಹಾರ ಹಾಕಿದ ಫೋಟೋ ಆಗಿ ಗೋಡೆಯ ಮೇಲೆ ಉಳಿದಳು. ಚಕ್ಕಡಿಯ ಬದಲು ಚನ್ನನಿಗೆ ಕೆಂಪು ಕಾರು ಬಂತು. ಕಡೆಯ ದೃಶ್ಯದಲ್ಲಿ ಅವನು ದೊಡ್ಡ ಹೋಟೆಲಿನಲ್ಲಿ ನಾಯಕಿಯ ಸೊಂಟ ಹಿಡಿದು ಕುಣಿದ. ಊಟಕ್ಕೆ ಕೂರಲೇ ಇಲ್ಲ. ಪರದೆಯ ಮೇಲೆ ‘ಶುಭಂ’ ಎಂದು ಬಂತು.

“ಅವ್ವನ್ನ ಕೊಂದು ಮಗನ್ನ ಉಪಾಸ ಕೆಡವ್ಯಾರಲೇ!” ಮಡಿವಾಳೆಪ್ಪ ಪರದೆಗೆ ಹಾಕಲು ತಂದಿದ್ದ ಹಾರವನ್ನು ನೆಲಕ್ಕೆಸೆದ. ಧಿಕ್ಕಾರ ಶುರುವಾಯಿತು. ಆದರೆ ಕಂಪನಿ ಮುಂಬಯಿಯಲ್ಲಿತ್ತು, ಕೈಗೆ ಸಿಕ್ಕವನು ಕಾಸೀಮಸಾಬ. ಅವನು ಕೈಮುಗಿದ: “ನಾ ಬರೇ ತೋರ್ಸಾಂವ್ರೆಪಾ.”

ಗದ್ದಲದ ನಡುವೆ ಬಸವಣ್ಣೆವ್ವ ಕೂತಲ್ಲೇ ಇದ್ದಳು. ತೊಡೆಯ ಮೇಲೆ ಗಂಟು, ಪಕ್ಕದಲ್ಲಿ ಹಾಸಿದ ಅರಿವೆ.

“ಕಾಸೀಮಸಾಬ, ಬೆಳಕ ಬಿಡಪಾ.”

“ರೀಲ್ ಮುಗೀತಬೇ ಯವ್ವಾ. ಬರೇ ಬಿಳೇ ಪರದೆ ಕಾಣ್ತೈತಿ.”

“ಕಾಣ್ಲಿ. ಅಂವ ಎಲ್ಲೆರ ಕೈಕಾಲ ತೊಳಕೋತಿರಬೇಕು.”

ಕಾಸೀಮಸಾಬ ಹೋಗಿ ಮಷೀನಿನ ಬೆಳಕು ಬಿಟ್ಟ. ಪರದೆ ಬೆಳ್ಳಗಾಯಿತು. ಕೂಗುತ್ತಿದ್ದವರಲ್ಲಿ ಕೆಲವರು ಮತ್ತೆ ಕೂತರು. ಎಲ್ಲರ ತೊಡೆಯ ಮೇಲೂ ಹೋಳಿಗೆ ಇತ್ತು. ಯಾರೂ ಗಂಟಿಗೆ ಕೈ ಹಾಕಲಿಲ್ಲ.

“ಉಣ್ಣಬೇ ಯವ್ವಾ,” ಎಂದೆ.

“ತಡೀರಿ, ಅಂವ ಸುರು ಮಾಡ್ಲಿ,” ಎಂದಳು, ಪರದೆಯಿಂದ ಕಣ್ಣು ತೆಗೆಯದೆ.

ಮಷೀನಿನೊಳಗೆ ದೀಪವಾಗಿದ್ದ ಕಾರ್ಬನ್ ಕಡ್ಡಿ ಉರಿದು ಮುಗಿದಂತೆ ಬೆಳಕು ಕೆಂಪಾಗಿ, ಮಂಕಾಗಿ, ಆರಿತು. ಬಸವಣ್ಣೆವ್ವ ಪಕ್ಕದ ಅರಿವೆಯನ್ನೆತ್ತಿ ಮರಳು ಝಾಡಿಸಿ ಮಡಿಚಿದಳು. ಬಿಚ್ಚದ ಗಂಟನ್ನು ಬಗಲಿಗಿಟ್ಟುಕೊಂಡು ಮನೆಗೆ ಹೋದಳು.

ಆ ವರ್ಷದ ಮಹಾಲಯ ಅಮಾವಾಸ್ಯೆಯಿಂದ ಅವಳು ಗಂಗಪ್ಪನಿಗೆ ಮನೆಯಲ್ಲೇ ಎಡೆ ಇಡತೊಡಗಿದಳು.