ಎಡಗಡೆ ಸೀಟಿನ ಮಾತು

ಇಸ್ಮಾನಾಲಿಗೆ ವಯಸ್ಸು ಐವತ್ತೆರಡು, ಕೋಪಕ್ಕೆ ಇನ್ನೂ ಇಪ್ಪತ್ತು. ಬಾಜಾರ್-ಕೊರ್ಗೋನಿನಿಂದ ರಾಜಧಾನಿ ಬಿಷ್ಕೆಕ್‌ಗೆ ಬಾಡಿಗೆ ಕಾರು ಓಡಿಸುವವರಲ್ಲಿ ಅವನಷ್ಟು ಹದವಾಗಿ ಸ್ಟೀರಿಂಗ್ ಹಿಡಿಯುವವನೂ ಇಲ್ಲ, ಅವನಷ್ಟು ಹೊಲಸು ಬಾಯಿಯವನೂ ಇಲ್ಲ. ಒಮ್ಮೆ ಮದುವೆ ದಿಬ್ಬಣದ ಕಾರು ಅಡ್ಡ ನುಗ್ಗಿತೆಂದು ಮದುಮಗನ ಕಾಲರ್ ಹಿಡಿದು ರಸ್ತೆಗೆ ಎಳೆದಿದ್ದ. ಇನ್ನೊಮ್ಮೆ ತಿರುವಿನಲ್ಲಿ ಓವರ್‌ಟೇಕ್ ಮಾಡಿದವನ ಎರಡು ಹಲ್ಲು ಉದುರಿಸಿ, ತನ್ನದೂ ಒಂದು ಕೊಟ್ಟು ಬಂದಿದ್ದ. ಆ ಜಾಗದಲ್ಲಿ ಈಗ ಚಿನ್ನದ ಹಲ್ಲಿದೆ. ಬೈಯುವಾಗ ಅದು ಫಳಫಳ ಹೊಳೆಯುತ್ತದೆ.

ಎಲ್ಲಾ ಅವನದ್ದೇ ತಪ್ಪು ಅನ್ನಬೇಡಿ. ಆ ರಸ್ತೆಯಲ್ಲಿ ಒಂದು ದಿನ ಗಾಡಿ ಬಿಟ್ಟರೆ ಸಂತನೂ ಕಲ್ಲು ಎತ್ತಿಕೊಳ್ಳುತ್ತಾನೆ. ನಡುರಸ್ತೆಯಲ್ಲಿ ಮೆಲುಕು ಹಾಕುತ್ತ ನಿಂತ ಕುರಿಮಂದೆ, ಹಿಂದೆ ಲೈಟೇ ಇಲ್ಲದ ಟ್ರ್ಯಾಕ್ಟರು, ಒಂದು ಕೈಯಲ್ಲಿ ಫೋನು ಇನ್ನೊಂದರಲ್ಲಿ ಸೂರ್ಯಕಾಂತಿ ಬೀಜ ಹಿಡಿದು ಮೊಣಕಾಲಲ್ಲಿ ಸ್ಟೀರಿಂಗ್ ತಿರುಗಿಸುವ ಪಡ್ಡೆಗಳು, ಲೈಸೆನ್ಸನ್ನು ಸಂತೆಯಲ್ಲಿ ಕಲ್ಲಂಗಡಿ ಕೊಂಡಷ್ಟು ಸಲೀಸಾಗಿ ಕೊಂಡು ತಂದವರು. ಎಷ್ಟು ಅಂತ ಸಹಿಸೋದು?

ಅದರ ಮೇಲೆ ಅವನ ಕಾರು ಜಪಾನಿನದ್ದು, ಸ್ಟೀರಿಂಗ್ ಬಲಕ್ಕೆ. ನಮ್ಮಲ್ಲಿ ಗಾಡಿ ಹೋಗಬೇಕಾದ್ದೂ ರಸ್ತೆಯ ಬಲಕ್ಕೇ. ಹಾಗಾಗಿ ಡ್ರೈವರ್ ಕೂರುವುದು ಚರಂಡಿ ಪಕ್ಕ. ಮುಂದೆ ಲಾರಿಯಿದ್ದರೆ ಅದರಾಚೆ ಎದುರಿಂದ ಏನು ಬರುತ್ತಿದೆ ಅಂತ ಅವನಿಗೆ ಕಾಣುವುದಿಲ್ಲ, ಎಡಗಡೆ ಕೂತವರಿಗೆ ಕಾಣುತ್ತದೆ. ಆ ಸೀಟಿನಲ್ಲಿ ಕೂತವರು ಅರ್ಧ ಡ್ರೈವರು.

ಹದಿನಾಲ್ಕು ವರ್ಷ ಅಲ್ಲಿ ಕೂತವಳು ಅವನ ಹೆಂಡತಿ ಬುರುಲ್. ಬಿಷ್ಕೆಕ್‌ನ ಮಾರ್ಕೆಟ್ಟಿಗೆ ಅಕ್ರೋಟು ಒಯ್ಯುವವಳು. ಮೂರು ವರ್ಷದ ಹಿಂದೆ ಚಿಚ್ಕಾನ್ ಕಣಿವೆಯಲ್ಲಿ ಒಂದು ಲಾರಿಯನ್ನು ದಾಟಲು ಹೋದಾಗ, ಎದುರಿಂದ ಬಂದ ಇನ್ನೊಂದು ಲಾರಿಯ ಮೂಲೆ ಕಾರಿನ ಎಡಬದಿಯನ್ನು ಡಬ್ಬಿ ಸೀಳಿದಂತೆ ಸೀಳಿತು. ಬುರುಲ್‌ಳ ಎಡಗೈಯ ಎರಡು ಬೆರಳು ಹೋದವು. ಅವಳ ಹಿಂದೆ ಕೂತಿದ್ದ ಮಗಳು ಅಸಿಲ್ ಹೋದಳು. ಹತ್ತೊಂಬತ್ತು ವರ್ಷದ ಹುಡುಗಿ, ನರ್ಸ್ ಓದುತ್ತಿದ್ದಳು.

ಲಾರಿಯವನ ಹೆಸರು ತಾಶ್‌ಪೋಲೋತ್. ಪೊಲೀಸರು ಕೇಳಿ, ಬರೆದುಕೊಂಡು, ಅವನನ್ನು ಬಿಟ್ಟುಬಿಟ್ಟರು. ಏಳನೇ ದಿನ ಅವನು ಒಂದು ಟಗರು ಹಿಡಿದುಕೊಂಡು ಬಾಗಿಲಿಗೆ ಬಂದ, ಕ್ಷಮೆ ಕೇಳಲು. ಇಸ್ಮಾನಾಲಿ ಪಕ್ಕೆಲುಬು ಮುರಿದು ಆಸ್ಪತ್ರೆಯಲ್ಲಿದ್ದ. ಬುರುಲ್ ಹೊಸ್ತಿಲಲ್ಲಿ ನಿಂತು ಅವನ ಮುಖವನ್ನೇ ನೋಡಿದಳು, ಒಂದು ಮಾತೂ ಆಡಲಿಲ್ಲ. ಅವನು ಟಗರನ್ನು ಕಂಬಕ್ಕೆ ಕಟ್ಟಿ ಹೋದ.

ಮನೆಗೆ ಬಂದ ಇಸ್ಮಾನಾಲಿ ಆ ಟಗರಿನ ಕತ್ತು ಕೊಯ್ದು ಬೀದಿ ನಾಯಿಗಳಿಗೆ ಎಸೆದ. “ಟಗರು ಕೊಟ್ಟು ನನ್ನ ಮಗಳನ್ನ ಕೊಂಡ್ಕೋತಾನಾ ಬಡ್ಡಿಮಗ? ಸಿಗಲಿ. ತಲೆ ಒಡೆದು ಅವನ ಲಾರಿ ಚಕ್ರದಡಿ ಹಾಕ್ತೀನಿ.” ಅವತ್ತಿನಿಂದ ವೀಲ್ ಸ್ಪ್ಯಾನರ್ ಡಿಕ್ಕಿಯಲ್ಲಿಲ್ಲ, ಅವನ ಸೀಟಿನಡಿ ಇದೆ. ದಾರಿಯುದ್ದಕ್ಕೂ ಅವನ ಕಣ್ಣು ಹುಡುಕುವುದು ತಾಶ್‌ಪೋಲೋತ್‌ನದಂಥ ನೀಲಿ ಮೂತಿಯ ಲಾರಿಗಳನ್ನೇ. ಯಾವ ಚಹಾ ಅಂಗಡಿಯಲ್ಲಿ ಕೂತರೂ, ಮನೆಗೆ ಯಾರು ಬಂದರೂ ಅದೇ ಪುರಾಣ: “ನಾನು ಕೇಳ್ದೆ, ಇವಳು ‘ಬಾರ್’ ಅಂದ್ಲು, ಹೋಗು ಅಂತ. ರಸ್ತೆ ಖಾಲಿ ಇತ್ತು. ಆ ನಾಯಿ ಎಲ್ಲಿಂದಲೋ ನುಗ್ಗಿದ.” ಅದು ಶುರುವಾದರೆ ಬುರುಲ್ ಎದ್ದು ಹೋಗುತ್ತಾಳೆ. ಮುಂದಿನ ಸೀಟಿನಲ್ಲಿ ಅವಳು ಮತ್ತೆ ಕೂತಿಲ್ಲ.

ಈ ಸಲದ ಅಕ್ರೋಟಿನ ಕಾಲದಲ್ಲಿ ಅವಳು ಮೊದಲ ಬಾರಿ ಮತ್ತೆ ಮಾರ್ಕೆಟ್ಟಿಗೆ ಹೊರಟಳು. ಹಿಂದೆ ಎರಡು ಮೂಟೆಗಳ ಪಕ್ಕ ಮುದುಡಿ ಕೂತಳು. ಎಡಗಡೆ ಸೀಟಿಗೆ ಕೆಮೆಲ್ ಎಂಬ ಮೇಷ್ಟ್ರು ಬಂದರು.

“ಮೇಷ್ಟ್ರೇ, ಈ ಕಾರಿನ ಕಾನೂನು ಕೇಳಿಸ್ಕೊಳ್ಳಿ,” ಅಂದ ಇಸ್ಮಾನಾಲಿ. “ಎದುರಿಗೆ ಗಾಡಿ ಇದ್ರೆ ಬಾಯಿ ಬಿಡಬಾರ್ದು, ಅಂಗೈ ಇಲ್ಲಿ ಡ್ಯಾಶ್‌ಬೋರ್ಡ್ ಮೇಲೆ ಊರಬೇಕು. ಖಾಲಿ ಇದ್ರೆ ‘ಬಾರ್’ ಅನ್ನಬೇಕು.”

“ಅಣ್ಣಾ, ನಮ್ಮ ಭಾಷೇಲಿ ಬಾರ್ ಅಂದ್ರೆ ಹೋಗು ಅಂತಲೂ ಹೌದು, ಇದೆ ಅಂತಲೂ ಹೌದು. ಭಾಷೆ ಪಾಠ ಮಾಡೋ ನಂಗೇ ಗೊಂದಲ. ಲಾರಿ ಇದೆ ಅನ್ನೋಕೆ ನಾನು ಬಾರ್ ಅಂದುಬಿಟ್ರೆ ಏನು ಗತಿ?”

“ನಿಮ್ಮ ವ್ಯಾಕರಣ ಶಾಲೇಲಿಟ್ಕೊಳ್ಳಿ. ನನ್ನ ಕಾರಲ್ಲಿ ಬಾರ್ ಅಂದ್ರೆ ಹೋಗು, ಅಷ್ಟೇ. ನನ್ನ ಹೆಂಡ್ತಿ ಹದಿನಾಲ್ಕು ವರ್ಷ ಅಲ್ಲಿ ಕೂತಿದ್ಲು, ಒಂದು ದಿನ ತಪ್ಪಲಿಲ್ಲ.”

ಹಿಂದೆ ಬುರುಲ್ ಮೂಟೆಯ ಹಗ್ಗವನ್ನು ಮೂರು ಬೆರಳಿಗೆ ಸುತ್ತಿಕೊಂಡಳು.

ಟೊಕ್ಟೊಗುಲ್ ಪಟ್ಟಣ ದಾಟಿದ ಮೇಲೆ ಹುಲ್ಲಿನ ಲಾರಿಯೊಂದು ಮುಂದೆ ಸಿಕ್ಕಿತು. “ಏನು?” ಅಂದ ಇಸ್ಮಾನಾಲಿ. ಮೇಷ್ಟ್ರು ತಲೆ ಹೊರಳಿಸುವಷ್ಟರಲ್ಲಿ ಕಾರಿನ ಮೂತಿ ಆಗಲೇ ಎಡಕ್ಕೆ ಬಂದಾಗಿತ್ತು. ಮೇಷ್ಟ್ರು ಅಂಗೈಯನ್ನು ಪಟ್ಟನೆ ಬಡಿದರು. ಇಸ್ಮಾನಾಲಿ ಒಳಕ್ಕೆಳೆದುಕೊಂಡ. ಎದುರಿನ ವ್ಯಾನು ಕನ್ನಡಿಗೆ ತಾಗುವಷ್ಟು ಹತ್ತಿರ ಹಾದುಹೋಯಿತು.

“ಅಣ್ಣಾ, ಕೇಳಿ ಆಮೇಲೆ ಹೊರಗೆ ಬನ್ನಿ! ನೀವು ಬಂದಮೇಲೆ ಕೇಳ್ತೀರಲ್ಲ!”

“ನಿಮ್ಮ ಕೈ ನಿಧಾನ, ಮೇಷ್ಟ್ರೇ.”

ಅಷ್ಟರಲ್ಲಿ ಹಿಂದಿನಿಂದ ಕಪ್ಪು ಜೀಪೊಂದು ಕಾರನ್ನೂ ಹುಲ್ಲಿನ ಲಾರಿಯನ್ನೂ ಒಟ್ಟಿಗೆ ದಾಟಿ, ಕಿಟಕಿಯಿಂದ ಕಲ್ಲಂಗಡಿ ಸಿಪ್ಪೆ ಎಸೆದು ಹೋಯಿತು. ಸಿಪ್ಪೆ ಬಂದು ಗಾಜಿಗೆ ಬಡಿಯಿತು. “ಎಲ್ಲಿಗೋ, ನಿಮ್ಮಪ್ಪನ ಹೆಣ ಎತ್ತೋಕಾ?” ಇಸ್ಮಾನಾಲಿ ಕೂಗುತ್ತ ಬೆನ್ನಟ್ಟಿದ. ಜೀಪು ಸಿಗಲಿಲ್ಲ. ಚಿಚ್ಕಾನ್ ಕಣಿವೆಯ ಊಟದಂಗಡಿ ಮುಟ್ಟುವ ಹೊತ್ತಿಗೆ ಅವನು ಉರಿಯುತ್ತಿದ್ದ. ಅಲ್ಲಿ ನಿಂತಿತ್ತು ನೀಲಿ ಲಾರಿ. ಎಡಗಡೆ ದೀಪ ಆಮೇಲೆ ಹಾಕಿಸಿದ್ದು, ಬೇರೆ ಗಾಡಿಯದ್ದು.

ತಾಶ್‌ಪೋಲೋತ್ ಅಂಗಳದ ಮಂಚದ ಮೇಲೆ ಲಗ್ಮಾನ್ ನೂಡಲ್ಸ್ ತಿನ್ನುತ್ತಿದ್ದ. ಸ್ಪ್ಯಾನರಿನ ಮೊದಲ ಏಟು ಬಟ್ಟಲಿನ ಮೇಲೆಯೇ ಬಿತ್ತು. ಬಿಸಿ ಸಾರು ಅವನ ಮುಖಕ್ಕೆ ಹಾರಿತು. ಎರಡನೆಯದಕ್ಕೆ ಅವನು ಕೈ ಅಡ್ಡ ಹಿಡಿದ, ಮೂಳೆ ಕಟ್ಟಿಗೆಯಂತೆ ಲಟ್ಟೆಂದಿತು. ದೊಡ್ಡ ಆಳು ಅವನು. ಒಂದೇ ಕೈಯಲ್ಲಿ ಇಸ್ಮಾನಾಲಿಯನ್ನು ಎತ್ತಿ ಮಂಚದಾಚೆ ಒಗೆದ. ಇಸ್ಮಾನಾಲಿ ಎದ್ದು ಅವನ ಕಿವಿ ಕಚ್ಚಿಹಿಡಿದ. ಬಿಡಿಸಲು ಬಂದ ಮುದಿ ಅಡುಗೆಯವನ ಎದೆಗೆ ಮೊಣಕೈ ತಿವಿದ. ಇಬ್ಬರೂ ಧೂಳಿನಲ್ಲಿ ಉರುಳಿ ಲಾರಿಯ ಮುಂದಿನ ಚಕ್ರಕ್ಕೆ ಹೋಗಿ ತಾಗಿದರು. ಸ್ಪ್ಯಾನರ್ ಮತ್ತೆ ಇಸ್ಮಾನಾಲಿಯ ಕೈಗೆ ಸಿಕ್ಕಿತು.

“ನನ್ನ ಮಗಳನ್ನ ಯಾಕೋ ಕೊಂದೆ?”

“ನಾನು ನನ್ನ ಕಡೇಲೇ ಇದ್ದೆ, ಅಣ್ಣಾ. ಹಾರ್ನ್ ಹೊಡ್ದೆ. ರೊಟ್ಟಿ ಮುಟ್ಟಿ ಹೇಳ್ತೀನಿ.”

ಏಟು ಭುಜಕ್ಕೆ ಬಿತ್ತು. ತಾಶ್‌ಪೋಲೋತ್ ರಕ್ತ ಉಗುಳಿ, ಇಸ್ಮಾನಾಲಿಯ ಹಿಂದೆ ಬಂದು ನಿಂತಿದ್ದ ಬುರುಲ್‌ಳನ್ನು ನೋಡಿದ. “ಅಕ್ಕಾ, ನೀವು ನನ್ನ ಲಾರಿ ನೋಡಿದ್ರಿ. ಅವತ್ತು ಬಾಗಿಲಲ್ಲೂ ಸುಮ್ನಿದ್ರಿ. ಈಗಲಾದ್ರೂ ಹೇಳಿ.”

ಸ್ಪ್ಯಾನರ್ ಈ ಸಲ ತಲೆಗೇ ಗುರಿಯಿಟ್ಟು ಮೇಲೆದ್ದಿತ್ತು.

“ಅಸಿಲ್‌ಳ ಅಪ್ಪಾ,” ಅಂದಳು ಬುರುಲ್. “ಅವನಲ್ಲ, ನಾನು. ಅವತ್ತು ಅವಳಿಗೆ ಚಹಾ ಬಗ್ಗಿಸ್ತಿದ್ದೆ. ಒಂದು ಕೈಲಿ ಫ್ಲಾಸ್ಕು, ಇನ್ನೊಂದು ಕೈಲಿ ಬಟ್ಟಲು. ನೀವು ಕೇಳಿದ್ರಿ, ತಲೆ ಎತ್ತಿದೆ, ಲಾರಿ ಕಾಣ್ತು. ಊರೋಕೆ ಕೈ ಎಲ್ಲಿತ್ತು? ಬಾಯಿಗೆ ಬಂದಿದ್ದು ಬಾರ್. ಇದೆ ಅಂದೆ ನಾನು! ನೀವು ಹೋಗು ಅಂತ ಕೇಳಿಸ್ಕೊಂಡ್ರಿ. ಮಗಳನ್ನ ಕೊಂದವಳು ನಾನು. ಹೊಡೆಯೋದಿದ್ರೆ ನನಗೆ ಹೊಡೀರಿ.”

ಇಸ್ಮಾನಾಲಿ ತಿರುಗಿದ. ಎತ್ತಿದ ಕೈ ಇಳಿಯಲಿಲ್ಲ. ಹಾಗೆಯೇ ಅವಳ ಮೇಲೆ ಬಂದ. ಬುರುಲ್ ಕಣ್ಣು ಮುಚ್ಚಲಿಲ್ಲ, ಓಡಲಿಲ್ಲ. ಮೂರು ಬೆರಳಿನ ಎಡಗೈಯನ್ನು ಲಾರಿಯ ನೀಲಿ ತಗಡಿನ ಮೇಲೆ ಅಂಗೈ ಊರಿ ಇಟ್ಟಳು. ಹದಿನಾಲ್ಕು ವರ್ಷದ ಅಭ್ಯಾಸ ಸ್ವಾಮಿ, ಸುಮ್ಮನೆ ಹೋಗುತ್ತದೆಯೇ? ಅವನ ಕೈ ಅಲ್ಲೇ ನಿಂತಿತು. ಸ್ಪ್ಯಾನರ್ ಕಾಲ ಬಳಿ ಬಿತ್ತು.

“ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಅಂಟುತ್ತೇನಯ್ಯಾ?” ಮುದಿ ಅಡುಗೆಯವನು ಎದೆ ಉಜ್ಜಿಕೊಳ್ಳುತ್ತ ಕೂಗಿದ. “ನಿಂತ್ಕೋಬೇಡ್ರೋ, ಇವನನ್ನ ಎತ್ತಿ. ಸತ್ತುಹೋಗ್ತಾನೆ.”

ಅಕ್ರೋಟಿನ ಮೂಟೆಗಳನ್ನು ಅಂಗಳಕ್ಕೆ ಎಳೆದು ಹಾಕಿದರು. ತಾಶ್‌ಪೋಲೋತ್‌ನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ಮೇಷ್ಟ್ರು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕಿವಿಗೆ ಟವೆಲ್ ಒತ್ತಿ ಹಿಡಿದರು. ಬುರುಲ್‌ಗೆ ಉಳಿದದ್ದು ಎಡಗಡೆ ಸೀಟು ಒಂದೇ. ಹತ್ತಿ ಕೂತಳು.

ಬಂದ ದಾರಿಯಲ್ಲೇ ಹಿಂದಕ್ಕೆ, ಟೊಕ್ಟೊಗುಲ್‌ನ ಆಸ್ಪತ್ರೆಗೆ ನಲವತ್ತು ಕಿಲೋಮೀಟರ್. ಐದು ಹೋಗುವುದರೊಳಗೆ ಕಲ್ಲಿದ್ದಲು ತುಂಬಿದ ಲಾರಿಯೊಂದು ಮುಂದೆ ತೆವಳುತ್ತಿತ್ತು. ಟವೆಲ್ಲಿನಿಂದ ರಕ್ತ ತೊಟ್ಟಿಕ್ಕುತ್ತಿತ್ತು.

“ಇದೆಯಾ?” ಅಂದ ಇಸ್ಮಾನಾಲಿ. ಕಾರು ಲಾರಿಯ ಹಿಂದೆ ನೇರವಾಗಿಯೇ ಇತ್ತು.

ಬುರುಲ್ ಅಂಗೈ ಊರಿದಳು. ಎರಡು ಕಾರು, ಒಂದು ಬಸ್ಸು ಹಾದುಹೋದವು. ಕೈ ತೆಗೆದಳು. “ಇಲ್ಲ. ಹೋಗಿ.”

ಅವನ ಕಾಲು ಆಕ್ಸಿಲರೇಟರ್ ಒತ್ತಲಿಲ್ಲ.

“ಹೋಗಿ ಅಂದೆ.”

“ನೀನಲ್ಲ, ಬುರುಲ್.” ಅವನು ಲಾರಿಯ ಹಿಂಬದಿಯನ್ನೇ ನೋಡುತ್ತಿದ್ದ. “ಅವತ್ತು ಬಿಳಿ ಕಾರಿನವನೊಬ್ಬ ಬೈದು ಮುಂದೆ ಹೋಗಿದ್ದ, ನೆನಪಿದೆಯಾ? ಅವನನ್ನ ಹಿಡೀಬೇಕಿತ್ತು ನಂಗೆ. ಮೊದ್ಲೇ ಹೊರಗೆ ಬಂದಿದ್ದೆ, ಆಮೇಲೆ ಕೇಳ್ದೆ. ನೀನು ಬಾಯಿ ತೆಗೆಯೋ ಹೊತ್ತಿಗೆ ಲಾರಿ ನಂಗೂ ಕಾಣ್ತಿತ್ತು. ದಾಟಬಹುದು ಅಂದ್ಕೊಂಡೆ.”

“ಗೊತ್ತಿತ್ತಾ ನಿಮಗೆ? ಮೂರು ವರ್ಷದಿಂದ?”

“ಗೊತ್ತಿತ್ತು.”

ಮೂರು ವರ್ಷ ಆ ಹೆಂಗಸು ದಿನಾ ರಾತ್ರಿ ಮಗಳನ್ನು ತಾನೇ ಕೊಂದೆ ಅಂತ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಬುರುಲ್ ಕೈ ಬೀಸಿ ಅವನ ಬಾಯಿಗೆ ಹೊಡೆದಳು. ತುಟಿ ಚಿನ್ನದ ಹಲ್ಲಿಗೆ ತಾಗಿ ಸೀಳಿತು. ಮತ್ತೆ ಹೊಡೆದಳು. ಮತ್ತೂ ಹೊಡೆದಳು. ಅವನು ಸ್ಟೀರಿಂಗ್‌ನಿಂದ ಕೈ ತೆಗೆಯಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ.

“ನನ್ನದೂ ಒಂದು ಸೇರಿಸಿ ಅಕ್ಕಾ,” ಅಂತ ಹಿಂದಿನಿಂದ ತಾಶ್‌ಪೋಲೋತ್ ನರಳಿದ. “ಆಮೇಲೆ ಆಸ್ಪತ್ರೆಗೆ ಬಿಡಿ.”

ಬುರುಲ್ ಸೆರಗಿನಂತೆ ಹೊದ್ದ ಶಾಲಿನಿಂದ ಕೈಯ ರಕ್ತ ಒರೆಸಿಕೊಂಡಳು. ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ರಸ್ತೆಯನ್ನು ತಿರುವಿನ ತನಕ ನೋಡಿದಳು.

“ಖಾಲಿ ಇದೆ,” ಅಂದಳು. ಮದುವೆಯಾದ ಮೇಲೆ ಅವನನ್ನು ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. “ಹೋಗು.”

ಅವನು ಹೋದ.