ಸಾಮಾನಿನ ಲಾರಿ

ನನ್ನ ಗಂಡ ಮೂಡಲಗಿಯಲ್ಲಿ ಲಾರಿ ಇಟ್ಟಿದ್ದರು. ಹಳ್ಳಿಗಳ ಬೆಲ್ಲ, ಹತ್ತಿ ಹೇರಿಕೊಂಡು ಗೋಕಾಕಕ್ಕೂ ಹುಕ್ಕೇರಿಗೂ ಹೋಗುತ್ತಿದ್ದರು. ಬಾಡಿಗೆಗೆ ಲಾರಿ ಓಡಿಸಲು ಸರಕಾರದ ಪರ್ಮಿಟ್ ಬೇಕೆಂಬ ಕಾಯ್ದೆ, ಎರಡನೇ ಮಹಾಯುದ್ಧ ಶುರುವಾಗುವ ಸುಮಾರಿಗೆ ಬಂದಿತ್ತು. ಪರ್ಮಿಟ್ ಇದ್ದದ್ದು ಗಂಡನ ಹೆಸರಿನಲ್ಲಿ. ಸ್ಟೇರಿಂಗ್ ಹಿಡಿಯುತ್ತಿದ್ದವನು ನನ್ನ ಮೈದುನ.

ವಿಷಮಜ್ವರದಿಂದ ಗಂಡ ತೀರಿಕೊಂಡಾಗ ಮಗಳಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಪರ್ಮಿಟ್ ನನ್ನ ಹೆಸರಿಗೆ ಮಾಡಿಕೊಡಿರೆಂದು ಅರ್ಜಿ ಹಾಕಿದರೆ ಸಾಹೇಬರು ಒಪ್ಪಲಿಲ್ಲ. ತುಕ್ಕಾನಟ್ಟಿಯ ನನ್ನ ತಂದೆ ಹಟ ಹಿಡಿದು ಮುಂಬಯಿ ಹೈಕೋರ್ಟಿನವರೆಗೆ ಹೋದರು. ಅಲ್ಲಿಯೂ ಸೋತೆವು. ಗೋಕಾಕದ ವಕೀಲರು ತೀರ್ಪನ್ನು ಬಿಡಿಸಿ ಹೇಳಿದರು: "ಪರ್ಮಿಟ್ ಅಂದ್ರ ಹೊಲಮನಿ ಅಲ್ಲವ್ವಾ. ಸರಕಾರ ಒಬ್ಬ ಮನಷ್ಯಾಗ ಕೊಟ್ಟ ಒಪ್ಪಿಗಿ. ಅಂವ ಸತ್ರ ಅದೂ ಸತ್ತಂಗ. ಹೆಂಡ್ತಿಗಿ ಬರೂದಿಲ್ಲ."

ಅಷ್ಟರಲ್ಲಿ ಮೈದುನ ತನ್ನ ಹೆಸರಿಗೆ ಹೊಸ ಪರ್ಮಿಟ್ ತಂದಿದ್ದ. "ಅಣ್ಣನ ಗೋರಿಗಿ ಹಾಲುತುಪ್ಪ ಬಿಟ್ಟ ಮರದಿನನ ಅರ್ಜಿ ಕೊಟ್ಟಿದ್ನಿ, ವೈನಿ" ಎಂದು ನಗುತ್ತಲೇ ಹೇಳಿದ. ಅತ್ತೆ, "ಕೋರ್ಟ್ ಏರಿದಾಕಿ ನನ್ನ ಹೊಸ್ತಿಲಾ ತುಳೀಬ್ಯಾಡ" ಎಂದರು. ಲಾರಿಯನ್ನೂ ಅವರಿಗೇ ಬಿಟ್ಟು, ಮಗಳ ಕೈ ಹಿಡಿದು ತವರಿಗೆ ಬಂದೆ.

ಮುಂದಿನ ಸುಗ್ಗಿಯಲ್ಲಿ ಮಗಳಿಗೆ ಗಂಟಲು ಕಟ್ಟಿತು. ನೀರೂ ಇಳಿಯದಾಯಿತು. ಊರಿನ ವೈದ್ಯ ಕೈಚೆಲ್ಲಿ, "ಲಗೂನ ಗೋಕಾಕ ದವಾಖಾನಿಗಿ ಒಯ್ಯಿರಿ" ಎಂದ. ಊರ ಮುಂದೆ ಬೆಲ್ಲ ಹೇರಿಕೊಂಡು ನಮ್ಮ ಲಾರಿಯೇ ನಿಂತಿತ್ತು. ಬೆಲ್ಲದ ಪೆಂಟಿಗಳ ಮೇಲೆ ಗೋಕಾಕದ ಸಂತೆಗೆ ಹೊರಟವರು ಕುಳಿತಿದ್ದರು. ಕೂಸನ್ನು ಎತ್ತಿಕೊಂಡು ಓಡಿದೆ.

"ನಿಮ್ಮ ಅಣ್ಣನ ಕೂಸೋ, ಉಸರ ಹಿಡ್ಯಾಕತ್ತೈತಿ. ಕರಕೊಂಡ್ ಹೋಗೋ."

ಮೈದುನ ತುಟಿಯಿಂದ ಬೀಡಿ ತೆಗೆಯಲಿಲ್ಲ. "ಇದು ಸಾಮಾನಿನ ಲಾರಿ, ವೈನಿ. ಮಂದೀನ ಹತ್ತಿಸಿದ್ರ ಪರ್ಮಿಟ್ ಹೋಗ್ತೈತಿ. ಹೈಕೋರ್ಟ್ ತನಕಾ ಹೋಗಿ ಬಂದವ್ರು ನೀವು, ಕಾಯ್ದೆ ನಾ ಹೇಳಬೇಕೇನ್ರಿ?"

ಮೇಲೆ ಕುಳಿತವರಲ್ಲಿ ಒಬ್ಬ ಕಿಸಕ್ಕನೆ ನಕ್ಕ. ಉಳಿದವರು ಬೇರೆ ಕಡೆ ನೋಡಿದರು. ಮಗಳು ಅವನನ್ನು ಗುರುತಿಸಿ ಕೈ ಚಾಚಿದಳು. ಕಾಕಾ ಎನ್ನಲು ಬಾಯಿ ತೆರೆದಳು, ದನಿ ಹೊರಡಲಿಲ್ಲ. ಅವನು ಲಾರಿ ಬಿಟ್ಟ.

ತಂದೆ ಬಂಡಿ ಹೂಡಿದರು. ಎತ್ತುಗಳನ್ನು ಎಷ್ಟು ಹೊಡೆದರೇನು, ಗೋಕಾಕದ ಹೊಳೆ ಕಾಣುವ ಮೊದಲೇ ಕೂಸು ನನ್ನ ತೊಡೆಯ ಮೇಲೆ ತಣ್ಣಗಾಯಿತು.

ಮೈದುನ ಮಣ್ಣಿಗೆ ಬಂದ. ಲಾರಿಯ ತುಂಬ ಮೂಡಲಗಿಯ ಬಳಗವನ್ನು ಹತ್ತಿಸಿಕೊಂಡು ಬಂದಿದ್ದ. ಅವನ ಪಕ್ಕದಲ್ಲಿ ಕುಳಿತಿದ್ದ ಅತ್ತೆ ಇಳಿದವರೇ, "ಗಂಡನ್ನ ನುಂಗಿದಿ, ಈಗ ಕೂಸನ್ನೂ ನುಂಗಿದಿ" ಎಂದು ನನ್ನೆದುರು ಎದೆ ಬಡಿದುಕೊಂಡರು. ನನಗೆ ಅಳು ಬರಲಿಲ್ಲ. ಕುಣಿಗೆ ಮಣ್ಣು ಹಾಕಲು ಮೈದುನ ಬಾಗಿದಾಗ ಅವನ ಕೈ ಹಿಡಿದು, "ನೀ ಹಾಕಬ್ಯಾಡ" ಎಂದೆ.

"ಹುಚ್ಚ ಹಿಡದೈತಿ ಇಕಿಗಿ" ಎಂದು ಹಿರಿಯರು ನನ್ನ ರಟ್ಟೆ ಹಿಡಿದು ಹಿಂದಕ್ಕೆಳೆದರು. ಅವನು ಮಣ್ಣು ಹಾಕಿ, ಕೈ ಕೊಡವಿಕೊಂಡ.