ಎಳ್ಳಮಾವಾಸ್ಯೆಯ ಮೊದಲ ತುತ್ತು

ಆಗೆಲ್ಲ ನಮ್ಮ ದುಬಲಗುಂಡಿಯಲ್ಲಿ ಎಳ್ಳಮಾವಾಸ್ಯೆ ಬಂತೆಂದರೆ ಓಣಿಗೆ ಓಣಿಯೇ ಭಜ್ಜಿಯ ವಾಸನೆ. ಈ ಭಜ್ಜಿ ಕರಿದದ್ದಲ್ಲ; ಹತ್ತಾರು ಸೊಪ್ಪು, ಹಸಿ ಕಡಲೆ, ಅವರೆಕಾಳು ಹುಳಿಯಲ್ಲಿ ಕುದಿಯುತ್ತಿದ್ದವು. ಹೊಲದಲ್ಲಿ ಭೂಮಿತಾಯಿಗೆ ಎಡೆ ಎರಚಿ ಚರಗ ಚೆಲ್ಲಿದ ಮೇಲೆ ಮೊದಲ ತುತ್ತನ್ನು ಮಗಳು ಅವ್ವನಿಗೆ ತಿನ್ನಿಸಬೇಕು. ಅದು ನಮ್ಮ ಮನೆಯ ಪದ್ಧತಿ.

ನಾನು ಏಳನೆಯ ತರಗತಿಯಲ್ಲಿದ್ದೆ. ಹಿಂದಿನ ವರ್ಷದ ಹಬ್ಬದಲ್ಲಿ ಅವ್ವ ದವಾಖಾನೆಯಲ್ಲಿದ್ದಳು. ದೊಡ್ಡ ಕರುಳಿನ ಕ್ಯಾನ್ಸರ್ ಗಡ್ಡೆ ತೆಗೆದಿದ್ದರು. ಆಮೇಲೆ ಮೂರು ತಿಂಗಳಿಗೊಮ್ಮೆ ಹುಮನಾಬಾದಿನಲ್ಲಿ ರಕ್ತಪರೀಕ್ಷೆ. ವರ್ಷ ತುಂಬಿದಾಗ, ರೋಗ ಮರಳಿದೆಯೋ ಏನೋ ಎಂದು ಕಲಬುರಗಿಯಲ್ಲಿ ಕೊಳವೆ ಬಿಟ್ಟು ಕರುಳು ನೋಡಬೇಕಿತ್ತು. ಆ ತಾರೀಖು ಹಬ್ಬದ ಮರುದಿನವೇ ಬಂತು. ಹಿಂದಿನ ದಿನ ತಿಳಿನೀರು ಬಿಟ್ಟು ಏನೂ ಹೊಟ್ಟೆಗೆ ಹೋಗಕೂಡದು ಎಂದಿದ್ದರು.

ಹೊಲದಲ್ಲಿ ನಾನು ಸಜ್ಜೆ ರೊಟ್ಟಿ ಮುರಿದು, ಭಜ್ಜಿಯಲ್ಲಿ ಅದ್ದಿ ಅವ್ವನ ಬಾಯಿಗೆ ಹಿಡಿದೆ.

“ಬ್ಯಾಡವ್ವಾ, ನಾಳಿ ತಪಾಸಣಿ ಅದ.”

“ಹ್ವಾದ ವರ್ಷನೂ ನನ್ನ ತುತ್ತು ಉಂಡಿಲ್ಲ ನೀ. ಭೂಮಿತಾಯಿ ಪ್ರಸಾದಕ್ಕ ಏನಾಗ್ತದ?”

ಹಠ ಮಾಡಿ ಅತ್ತೆ. ಅವ್ವ ಬಾಯಿ ತೆರೆದಳು. ಒಂದು ತುತ್ತು ಹೋಗಿ ಒಂದು ರೊಟ್ಟಿಯಾಯಿತು.

ಮರುದಿನ ಡಾಕ್ಟರು ಹೊರಗೆ ಬಂದು, “ಒಳಗ ಬರೇ ಸೊಪ್ಪು, ಕಾಳು. ಏನೂ ಕಾಣಂಗಿಲ್ಲ. ಹಿಂಗ್ಯಾಕ ಮಾಡಿದ್ರಿ?” ಎಂದರು.

“ಹಸಿವು ತಡೀಲಿಲ್ರಿ. ನಾನೇ ತಿಂದೀನ್ರಿ,” ಎಂದಳು ಅವ್ವ, ನನ್ನ ಕಡೆ ನೋಡದೆ.

ಮುಂದಿನ ತಾರೀಖಿಗೆ ಇಪ್ಪತ್ತು ದಿನ. ಅಷ್ಟೂ ದಿನ ಅವ್ವ ಹೊಟ್ಟೆ ಮುಟ್ಟಿಕೊಂಡರೆ ಸಾಕು, ನಾನು ಆಟ ಬಿಟ್ಟು ಓಡಿ ಬರುತ್ತಿದ್ದೆ. ತಪಾಸಣೆಯ ಹಿಂದಿನ ದಿನ ಶಾಲೆಗೆ ಹೋಗದೆ ಅಡುಗೆಮನೆಯ ಬಾಗಿಲಲ್ಲೇ ಕೂತೆ. ನಾನೂ ಉಣ್ಣಲಿಲ್ಲ. ಪಕ್ಕದ ಮನೆಯ ದೊಡ್ಡವ್ವ ಅವ್ವನಿಗೆಂದು ಮಠದ ಪ್ರಸಾದ ತಂದಳು.

“ನಾಡದ್ದ ತರ್ರಿ ದೊಡ್ಡವ್ವ.”

“ಪ್ರಸಾದಕ್ಕ ಒಲ್ಲೆ ಅಂತೀಯಲ್ಲ, ಎಷ್ಟ ಸೊಕ್ಕ ನಿನಗ?”

“ಹೌದ್ರಿ, ಸೊಕ್ಕೇ,” ಎಂದು ಬಾಗಿಲಿಗೆ ಅಡ್ಡ ನಿಂತೆ. ಒಳಗಿನಿಂದ ಅವ್ವ ನಕ್ಕದ್ದು ಕೇಳಿಸಿತು.

ಆ ಸಲ ಕರುಳು ಸ್ವಚ್ಛವಾಗಿ ಕಂಡಿತು. ರೋಗ ಇರಲಿಲ್ಲ. ಮುಂದೆ ಐದು ವರ್ಷ ತುಂಬುವವರೆಗೆ ಒಂದು ತಾರೀಖನ್ನೂ ನಾವು ತಪ್ಪಿಸಲಿಲ್ಲ.

ಈಗ ನಾನು ಬಸವಕಲ್ಯಾಣದಲ್ಲಿದ್ದೇನೆ. ಎಳ್ಳಮಾವಾಸ್ಯೆಗೆ ಮಾತ್ರ ಊರಿನ ಹೊಲಕ್ಕೆ ಹೋಗಲೇಬೇಕು. ಅವ್ವ ಗಟ್ಟಿಮುಟ್ಟಾಗಿದ್ದಾಳೆ, ಚರಗ ಚೆಲ್ಲಿ ಬಂದು ನನ್ನ ಮುಂದೆ ಬಾಯಿ ತೆರೆಯುತ್ತಾಳೆ. ನನ್ನ ಕೈ ಅರ್ಧಕ್ಕೆ ನಿಲ್ಲುತ್ತದೆ.

“ಅವ್ವಾ, ನಾಳಿ ಏನೂ ಇಲ್ಲಲ್ಲ?”

“ತಪಾಸಣಿ ಮುಗದು ಎಷ್ಟ ವರ್ಷಾತು, ತಿನ್ನಸು ಸುಮ್ನ,” ಎಂದು ಬೈಯುತ್ತಾಳೆ.

ತಿನ್ನಿಸುತ್ತೇನೆ. ಅವ್ವ ನನಗೆ ಉಳಿದಳು. ಏನೂ ಕೇಳದೆ, ಹೆದರದೆ ತುತ್ತಿಡುತ್ತಿದ್ದ ನನ್ನ ಆ ಕೈ ಮಾತ್ರ ಆ ವರ್ಷ ಹೋದದ್ದು ಮತ್ತೆ ಬರಲಿಲ್ಲ.